ಆಮೆ ಯಾಕೆ ನಿಲ್ಲಲಿಲ್ಲ?

"ಬೀಸಿದ ಬಾವುಟ ಎಲ್ಲಿ?" ಎಂದೆ.

ರೈಲ್ವೆ ಗೇಟು ಕಾಯುವ ಗೇಟಣ್ಣ ಮೂಲೆಯ ಗೂಡಿನ ಕಡೆ ಕೈ ತೋರಿಸಿದ. ತೋರಿಸಿದ ಮೇಲೆ ತಾನು ಮಾಡಿದ್ದೇನೆಂದು ಅವನಿಗೇ ಹೊಳೆದಿರಬೇಕು. ಕೈ ಗಾಳಿಯಲ್ಲೇ ನಿಂತಿತು.

ಕ್ಯಾಬಿನ್ನಿನ ಬಾಗಿಲಿಗೆ ನಮ್ಮ ಪೊಲೀಸರು ಹಾಕಿದ್ದ ಸೀಲನ್ನು ಆಗತಾನೇ ಒಡೆಸಿದ್ದೆ. ಮೊನ್ನೆ ಮಧ್ಯಾಹ್ನ ಈ ಗೇಟಿನಲ್ಲಿ ರೈಲು ಬಂದು ಆಂಬುಲೆನ್ಸಿಗೆ ಹೊಡೆದು, ಡ್ರೈವರನೂ ಒಳಗಿದ್ದ ಪುಟ್ಟ ಹುಡುಗಿಯೂ ಸತ್ತ ಮೇಲೆ ಒಳಗೆ ಯಾರೂ ಕಾಲಿಟ್ಟಿರಲಿಲ್ಲ. ಒಂದು ಮೇಜು, ಒಂದು ಸ್ಟೂಲು, ಅರ್ಧ ಕುಡಿದ ನೀರಿನ ಬಾಟಲಿ. ಗೂಡಿನಲ್ಲಿ ಕೆಂಪು ಬಾವುಟ ಕೋಲಿಗೆ ಬಿಗಿಯಾಗಿ ಸುತ್ತಿ, ಅದರದೇ ದಾರದಿಂದ ಗಂಟು ಹಾಕಿಸಿಕೊಂಡು ಸುಮ್ಮನೆ ನಿಂತಿತ್ತು. ಮೇಜಿನ ಮೇಲಿನ ಫೋನಿನ ರಿಸೀವರ್ ಮಾತ್ರ ವೈರಿನ ತುದಿಯಲ್ಲಿ ನೆಲದ ತನಕ ನೇತಾಡುತ್ತಿತ್ತು.

"ಎಲ್ಲ ಆದ್ಮೇಲೆ ಸುತ್ತಿಟ್ಟೆ ಮೇಡಂ. ಅಭ್ಯಾಸ ಬಲ."

"ಎಲ್ಲ ಆದ್ಮೇಲೆ ನೀವು ಒಳಗೆ ಬರಲೇ ಇಲ್ಲ. ವ್ಯಾನಿನ ಪಕ್ಕ ಕೂತೋರು, ನಮ್ಮವರು ಬಂದು ಎಬ್ಬಿಸೋವರೆಗೂ ಕದಲಲಿಲ್ಲ. ಪಂಕ್ಚರ್ ಅಂಗಡಿಯವನು ನೋಡಿದಾನೆ. ನಿಮ್ಮ ಕೈಲಿ ಏನೂ ಇರಲಿಲ್ಲವಂತೆ."

ಅವನು ಕೈ ಕೆಳಗಿಳಿಸಿದ.

ಹೇಳಿಕೆಯಲ್ಲಿ ಇವನು ಏನು ಬರೆಸಿದ್ದ ಗೊತ್ತೇ? 'ಕೆಂಪು ಬಾವುಟ ಬೀಸಿ ಬೀಸಿ ಕೂಗಿದೆ, ಡ್ರೈವರ್ ನೋಡಿಯೂ ನುಗ್ಗಿದ.' ಗೇಟಿನ ಅಡ್ಡಕಂಬಕ್ಕೆ ಲಾರಿಯೊಂದು ಗುದ್ದಿ ಅದು ರಿಪೇರಿಗೆ ಹೋಗಿತ್ತು. ಹೊಸದು ಬರುವ ತನಕ ರಸ್ತೆಗಿಳಿದು ಬಾವುಟ ಹಿಡಿದು ವಾಹನ ತಡೆಯುವುದೇ ಇವನ ಕೆಲಸ. ಈ ಹೇಳಿಕೆ ನಂಬಿ ದೊಡ್ಡವರೆಲ್ಲ ನಿರಾಳರಾಗಿದ್ದರು. ಸತ್ತವನ ಮೇಲೆ ಹಾಕಿದರೆ ಸತ್ತವನು ಎದ್ದು ಬಂದು ಇಲ್ಲ ಅನ್ನುವುದಿಲ್ಲವಲ್ಲ. ನಾಳೆ ಬೆಳಿಗ್ಗೆ 'ಡ್ರೈವರನ ನಿರ್ಲಕ್ಷ್ಯ' ಎಂದು ಷರಾ ಬರೆದು ಕೈ ತೊಳೆದುಕೊಳ್ಳುವುದೊಂದೇ ಬಾಕಿ.

ಸತ್ತ ಡ್ರೈವರ್ ಈ ಗೇಟಣ್ಣನ ಒಡಹುಟ್ಟಿದ ತಮ್ಮ. ಒಂದೇ ತಾಯಿಯ ಹಾಲು ಕುಡಿದವನು ಹೀಗೆ ಬರೆಸಿದ್ದಾನಲ್ಲ ಎಂದು ಓದಿದಾಗಲೇ ನನ್ನ ಹೊಟ್ಟೆ ಉರಿದಿತ್ತು.

ಆ ತಮ್ಮನಿಗೆ ಊರೆಲ್ಲ ಇಟ್ಟ ಹೆಸರು ಆಮೆ. ಆಂಬುಲೆನ್ಸ್ ಓಡಿಸುವವನಿಗೆ ಆಮೆ ಅಂತ ಹೆಸರು, ನೋಡಿ! ರಸ್ತೆಯಲ್ಲಿ ಅವನು ಬೇರೆಯವರಷ್ಟೇ ಜೋರು. ರೈಲ್ವೆ ಗೇಟು ಬಂತೆಂದರೆ ಮಾತ್ರ ಮುಗಿಯಿತು. ಗೇಟು ತೆರೆದಿರಲಿ, ಹಳಿ ಖಾಲಿ ಕಾಣುತ್ತಿರಲಿ, ಒಳಗೆ ಸಾಕ್ಷಾತ್ ಮಂತ್ರಿಯೇ ಮಲಗಿರಲಿ, ವ್ಯಾನ್ ನಿಲ್ಲಿಸುವನು. ಸೈರನ್ ಆರಿಸುವನು. ಗಾಜು ಇಳಿಸಿ, ಕತ್ತು ಹೊರಗೆ ಹಾಕಿ, ಎರಡೂ ಕಡೆ ಕಿವಿಗೊಟ್ಟು ಕೇಳುವನು. "ನಮ್ಮ ಸೈರನ್ ನಮ್ಮನ್ನೇ ಕಿವುಡು ಮಾಡುತ್ತೆ ಕಣ್ರಪ್ಪಾ. ದಾರಿಯವರಿಗೆ ನಾವು ಬರೋದು ಕೇಳಿಸುತ್ತೆ, ನಮಗೆ ರೈಲು ಬರೋದು ಕೇಳಿಸಲ್ಲ," ಎನ್ನುತ್ತಿದ್ದನಂತೆ. ಜೊತೆಯ ಡ್ರೈವರುಗಳು ನಗುತ್ತಿದ್ದರು: "ನಿನ್ನ ವ್ಯಾನ್ ಹತ್ತಿದ ಪೇಷಂಟು ಕಾಯಿಲೆಗೆ ಸಾಯಲ್ಲ ಮಾರಾಯ, ವಯಸ್ಸಾಗಿ ಸಾಯ್ತಾನೆ!"

ಅಂಥವನ ವ್ಯಾನನ್ನು ನಿನ್ನೆ ನಾನು ಪೊಲೀಸ್ ಅಂಗಳದಲ್ಲಿ ನೋಡಿದ್ದೆ. ಮುಂಭಾಗ ನಜ್ಜುಗುಜ್ಜು. ಆದರೂ ಡ್ರೈವರ್ ಬಾಗಿಲಿನ ಗಾಜು ಪೂರ್ತಿ ಮೇಲೇರಿಸಿದ್ದು ಚೌಕಟ್ಟಿನಲ್ಲಿ ಸಿಕ್ಕ ಚೂರುಗಳಿಂದ ಗೊತ್ತಾಗುತ್ತಿತ್ತು. ಸೈರನ್ನಿನ ಗುಂಡಿ ಒತ್ತಿದ್ದು ಒತ್ತಿದ ಹಾಗೇ ಇತ್ತು. ರಸ್ತೆಯಲ್ಲಿ ಬ್ರೇಕಿನ ಗೀರು ಒಂದೂ ಇರಲಿಲ್ಲ. ರೈಲು ಹೊಡೆಯುವ ತನಕ ಸೈರನ್ ಕೂಗುತ್ತಲೇ ಇತ್ತು ಎಂದು ಸುತ್ತಲಿನ ಅಂಗಡಿಯವರೆಲ್ಲ ಹೇಳಿದರು.

ಜೀವಮಾನವಿಡೀ ನಿಂತವನು ಅವತ್ತೊಂದು ದಿನ ಯಾಕೆ ನಿಲ್ಲಲಿಲ್ಲ? ನನಗೆ ಬೇಕಾದದ್ದು ಅಷ್ಟೇ. ಅವನ ಹೆಂಡತಿಗೂ ಅಷ್ಟೇ ಬೇಕಿತ್ತು. "ಆ ಮಗುನ ಕೊಂದೋರು ಅಂತ ಇವರ ಹೆಸರಿಗೆ ಹಚ್ಚಬೇಡಿ ಮೇಡಂ. ಅದೊಂದು ಆಗದ ಹಾಗೆ ನೋಡ್ಕೊಳ್ಳಿ," ಎಂದು ನನ್ನ ಎರಡೂ ಕೈ ಹಿಡಿದುಕೊಂಡಿದ್ದಳು.

"ಬಾವುಟ ಗೂಡಲ್ಲಿದೆ. ರಿಸೀವರ್ ನೇತಾಡ್ತಿದೆ," ಎಂದೆ. "ರೈಲು ಬರೋ ಹೊತ್ತಿಗೆ ನಿನ್ನ ಕೈಲಿ ಯಾವುದಿತ್ತು?"

ಸಿಟ್ಟು ಬಂದರೆ ನನಗೆ ಬಹುವಚನ ಮರೆತುಹೋಗುತ್ತದೆ. ಇಲಾಖೆಯಲ್ಲಿ ನನ್ನ ಬೆನ್ನ ಹಿಂದೆ ಗರಗಸ ಅನ್ನುವುದು ಸುಮ್ಮನೆ ಅಲ್ಲ.

ಗೇಟಣ್ಣ ಸ್ಟೂಲಿನ ಮೇಲೆ ಕುಸಿದ.

"ಫೋನು," ಎಂದ.

"ಯಾರಿಗೆ?"

"ಕಂಟ್ರೋಲ್ ರೂಮಿಗೆ."

ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ವೈರ್‌ಲೆಸ್ ಸೆಟ್ಟಿನ ಮುಂದೆ ಕೂರುವವಳು ಆಮೆಯ ಹೆಂಡತಿಯೇ. ಇವನಿಗೆ ತಮ್ಮನ ಹೆಂಡತಿ.

"ಮೊದ್ಲು ಅವಳೇ ಮಾಡಿದ್ಲು ಮೇಡಂ. 'ಭಾವ, ಇವರ ವ್ಯಾನು ಬರ್ತಿದೆ, ಮಗು ಉಸಿರು ಎಳೀತಿದೆ, ಗೇಟು ಹೇಗಿದೆ?' ಅಂದ್ಲು. ಆಗ ಯಾವ ರೈಲೂ ಇರಲಿಲ್ಲ. ದೇವರಾಣೆ ಇರಲಿಲ್ಲ. 'ಖಾಲಿ ಇದೆಯಮ್ಮ, ನಿಲ್ಲದೇ ಬರೋಕೆ ಹೇಳು' ಅಂದೆ. ಇಟ್ಟ ಮೇಲೆ ಸ್ಟೇಷನ್ನಿಂದ ಫೋನು. ಖಾಲಿ ಬೋಗಿಗಳನ್ನ ಎಳ್ಕೊಂಡು ಒಂದು ರೈಲು ಹೊರಟುಬಿಟ್ಟಿದೆ, ಲೆಕ್ಕದಲ್ಲೇ ಇಲ್ಲದ್ದು."

"ಆಗ ಬಾವುಟ ತಗೊಂಡು ರಸ್ತೆಗೆ ಓಡಬೇಕಿತ್ತು."

"ಓಡಬೇಕಿತ್ತು."

"ಓಡಲಿಲ್ಲ."

"ನಿಲ್ಲದೇ ಬಾ ಅಂದಿದೀನಲ್ಲ, ತಿರುವು ದಾಟಿ ಜೋರಾಗಿ ಬರ್ತಾನೆ, ನನ್ನ ನೋಡೋ ಹೊತ್ತಿಗೆ ಹತ್ರ ಬಂದಿರ್ತಾನೆ ಅನ್ನಿಸ್ತು. ಮಾತು ತಿರುವಿಗಿಂತ ಮುಂಚೆ ಮುಟ್ಟಬೇಕು ಅಂತ ಕಂಟ್ರೋಲ್ ರೂಮಿಗೆ ಹಚ್ಚಿದೆ. ಎಂಗೇಜ್. ಇನ್ನೊಂದ್ಸಲ ಹಚ್ಚಿದೆ. ಎಂಗೇಜ್. ಅವಳು ಆಸ್ಪತ್ರೆಗೆ ಆಕ್ಸಿಜನ್ ರೆಡಿ ಇಡೋಕೆ ಹೇಳ್ತಿದ್ಲೋ ಏನೋ."

ನನಗೆ ತಲೆ ಕೆಟ್ಟಿತು. "ಅಲ್ಲಯ್ಯಾ, ತಮ್ಮನ ಮೊಬೈಲಿಗೆ ನೇರ ಮಾಡೋಕೆ ನಿನಗೇನು ಧಾಡಿ? ಅವನ ನಂಬರ್ ಇರಲಿಲ್ವಾ?"

"ಬಾಯಿಪಾಠ ಇದೆ," ಎಂದ. "ಫೋನು ಎದುರಿಗೇ ಸಿಕ್ಕಿಸಿರ್ತಾನೆ. ಹಿಂದೆ ಕೂತ ನರ್ಸಮ್ಮನಾದ್ರೂ ಕಿಟಕಿಯಿಂದ ಕೈ ಹಾಕಿ ಎತ್ತಿರೋಳು."

"ಮತ್ತೆ?"

ಅವನು ತಲೆ ಎತ್ತಲಿಲ್ಲ. "ಮಾತು ಬಿಟ್ಟಿದ್ವಿ ಮೇಡಂ."

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ಗಾದೆ. ಇವರು ದಾಯಾದಿಗಳಾಗುವಷ್ಟು ಆಸ್ತಿಯೂ ಇರಲಿಲ್ಲ. ಇದ್ದದ್ದು ತಾಯಿಯೊಬ್ಬಳು. ಆಕೆಗೆ ಎದೆನೋವು ಬಂದ ದಿನ ಚಿಕ್ಕ ಮಗನೇ ತನ್ನ ವ್ಯಾನಿನಲ್ಲಿ ಹಾಕಿಕೊಂಡು ಬಂದ. ಗೇಟು ತೆರೆದಿತ್ತು. ದೊಡ್ಡ ಮಗ ಹಸಿರು ಬಾವುಟ ಹಿಡಿದು 'ಬಾ, ಬಾ' ಎಂದು ಅಳುತ್ತಾ ಬೀಸುತ್ತಿದ್ದ. ಆಮೆ ಆಗಲೂ ನಿಂತ. ಸೈರನ್ ಆರಿಸಿ, ಗಾಜು ಇಳಿಸಿ, ಕಿವಿಗೊಟ್ಟ. ತಾಯಿ ಆಸ್ಪತ್ರೆ ಮುಟ್ಟಲಿಲ್ಲ.

"ನಾನು ಬಾ ಅಂತ ಕರೀತಿದೀನಿ, ಅವನು ನನ್ನ ಬಾವುಟ ನೋಡ್ತಾ ನೋಡ್ತಾ ನಿಂತ. ನನ್ನ ಮೇಲೆ ನಂಬಿಕೆ ಇಲ್ದೆ ನಿಂತ. 'ಅಮ್ಮನ್ನ ನೀನೇ ಕೊಂದೆ' ಅಂತ ಆಸ್ಪತ್ರೆ ಬಾಗಿಲಲ್ಲೇ ಅಂದುಬಿಟ್ಟೆ. ಅವತ್ತಿಂದ ಅವನ ಮುಖ ನೋಡಿಲ್ಲ. ವ್ಯಾನು ಬಂದ್ರೆ ಅವನು ಅವಳಿಗೆ ಹೇಳೋನು, ಅವಳು ನನಗೆ ಹೇಳೋಳು. ನಾನು ಅವಳಿಗೆ, ಅವಳು ಅವನಿಗೆ. ಹಂಗೇ ನಡೀತಿತ್ತು. ಅದೇ ರೂಢಿ ಆಗೋಯ್ತು. ಅವತ್ತೂ ಬೆರಳು ತಾನಾಗೇ ಆ ನಂಬರಿಗೇ ಹೋಯ್ತು ಮೇಡಂ. ಒಂದ್ಸಲ ಅವನಿಗೇ ಹಚ್ಚಿದ್ರೆ..."

ಆ ದೊಡ್ಡ ಗಂಡಸು ಮಂಡಿಯ ಮೇಲೆ ಮುಖ ಇಟ್ಟುಕೊಂಡು ಹೋ ಎಂದು ಅತ್ತ. ಹೊರಗೆ ನಿಂತಿದ್ದ ನನ್ನ ಪೇದೆ ಇಣುಕಿ ನೋಡಿದ. ನಾನು ಹೋಗು ಎಂದು ಸನ್ನೆ ಮಾಡಿದೆ.

"ಸುಳ್ಳು ಯಾಕೆ ಬರೆಸಿದ್ರಿ?" ಎಂದೆ. ಬಹುವಚನ ತಾನಾಗಿಯೇ ವಾಪಸ್ಸು ಬಂದಿತ್ತು.

"ಯಾಕೆ ನೇರ ಮಾಡಲಿಲ್ಲ ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳ್ಲಿ? ತಮ್ಮನ ಜೊತೆ ಟೂ ಬಿಟ್ಟಿದ್ದೆ, ಅದಕ್ಕೆ ಮಗು ಸತ್ತೋಯ್ತು ಅಂತ ಹೇಳ್ಲಾ?"

ಈಗ ನಾನು ಹೇಳಬೇಕಾದದ್ದೊಂದು ಉಳಿದಿತ್ತು. ಹೇಳದೇ ಹೋಗಬಹುದಿತ್ತು. ಆದರೆ ಅದು ಅವನಿಗೆ ಸೇರಿದ ಮಾತು, ನಾನು ಇಟ್ಟುಕೊಳ್ಳುವಂತಿರಲಿಲ್ಲ.

ಬದುಕುಳಿದ ನರ್ಸಮ್ಮ ಬೆಳಿಗ್ಗೆ ಕಣ್ಣು ಬಿಟ್ಟಿದ್ದಳು. ಪಕ್ಕೆಲುಬು ಮುರಿದು ಉಸಿರೆಳೆದರೆ ನೋವು, ಆದರೂ ಹೇಳಿದಳು. ವ್ಯಾನಿನ ಹಿಂಭಾಗದಲ್ಲಿ ಮಗುವಿನ ಮೂಗಿಗೆ ಮಾಸ್ಕ್ ಹಿಡಿದು, ಮುಂದಿನ ಪುಟ್ಟ ಕಿಟಕಿಗೆ ಒರಗಿ ಕೂತಿದ್ದಳಂತೆ. ಸೆಟ್ಟಿನಲ್ಲಿ ಆಮೆಯ ಹೆಂಡತಿಯ ದನಿ ಬಂತು: 'ರೀ, ಗೇಟು ಖಾಲಿ ಇದೆಯಂತೆ, ನಿಲ್ಲದೇ ಬರಬೇಕಂತೆ, ಭಾವ ಹೇಳಿದ್ರು.' ನರ್ಸಮ್ಮನೇ ಕೇಳಿದಳಂತೆ, "ನಿಲ್ಲಲ್ವಾ ಅಣ್ಣಾ?" ಎಂದು.

"ನಿಮ್ಮ ತಮ್ಮ ಏನಂದ ಗೊತ್ತಾ?" ಎಂದೆ ಗೇಟಣ್ಣನಿಗೆ. "'ನಮ್ಮಣ್ಣ ಹೇಳಿದಾನೆ ಅಂದ್ಮೇಲೆ ಇನ್ನೇನು ನಿಲ್ಲೋದು. ಒಂದ್ಸಲ ನಿಂತು ಅವನ ಮನಸ್ಸು ಮುರಿದಿದ್ದೇ ಸಾಕು.' ನಗ್ತಾ ಅಂದನಂತೆ."

ಗೇಟಣ್ಣ ನನ್ನನ್ನೇ ನೋಡಿದ. ಅಳು ನಿಂತುಹೋಗಿತ್ತು. ಅತ್ತಿದ್ದರೇ ಚೆನ್ನಾಗಿತ್ತು. ನಾನು ಬಾಗಿಲಿಗೆ ನಡೆದೆ.

"ಮೇಡಂ," ಎಂದು ಹಿಂದಿನಿಂದ ಕರೆದ. "ಮೂರನೇ ಸಲ ಸಿಕ್ಕಿತ್ತು."

"ಏನು ಸಿಕ್ಕಿತ್ತು?"

"ಫೋನು. ಅವಳೇ ಎತ್ತಿದ್ಲು. 'ರೈಲು ಬರ್ತಿದೆ, ನಿಲ್ಲಿಸಮ್ಮಾ' ಅಂದೆ. 'ಅಯ್ಯೋ, ಹೇಳ್ತೀನಿ ಭಾವ' ಅಂದ್ಲು. ಆಮೇಲೇ ನಾನು ರಿಸೀವರ್ ಬಿಟ್ಟು ಓಡಿದ್ದು. ಸೈರನ್ ನಿಲ್ಲುತ್ತೆ, ಈಗ ನಿಲ್ಲುತ್ತೆ ಅಂತ ಕಾಯ್ತಾನೇ ಓಡಿದೆ."

ಆಮೆಯ ಹೆಂಡತಿ ನನಗೆ ಹೇಳಿದ್ದು ಒಂದೇ ಫೋನಿನ ಮಾತು. ಎರಡನೆಯದು ಬರಲೇ ಇಲ್ಲ ಎಂದಿದ್ದಳು, ನನ್ನ ಕೈ ಹಿಡಿದುಕೊಂಡೇ.

*

ಕಂಟ್ರೋಲ್ ರೂಮು ಆಸ್ಪತ್ರೆಯ ಹಿಂದಿನ ಕಟ್ಟಡದ ಮಹಡಿಯಲ್ಲಿದೆ. ಕೆಳಗೆ ಅಂಗಳ, ಅಲ್ಲಿ ಒಂದೇ ಒಂದು ಆಂಬುಲೆನ್ಸ್ ನಿಂತಿತ್ತು. ಅದರ ಡ್ರೈವರನಿಗೆ ಮಿಂಚು ಅಂತ ಅಡ್ಡಹೆಸರು. ಆಮೆಯ ಜೊತೆಗೇ ಕೆಲಸಕ್ಕೆ ಸೇರಿದವನು, ಜೀವದ ಗೆಳೆಯ, ಓಡಿಸುವುದರಲ್ಲಿ ಮಾತ್ರ ತದ್ವಿರುದ್ಧ. ಅಪಘಾತವಾದಾಗ ಬೇರೆಲ್ಲೋ ಇದ್ದೆ ಎಂದಿದ್ದ.

"ಏನಾದ್ರೂ ಗೊತ್ತಾಯ್ತಾ ಮೇಡಂ?" ಎಂದು ಸೀಟಿನಿಂದಲೇ ಕೇಳಿದ. ಕಣ್ಣು ಕೆಂಪಗಿದ್ದವು.

"ಗೊತ್ತಾಗ್ತಿದೆ," ಎಂದು ಮೆಟ್ಟಿಲು ಹತ್ತಿದೆ.

ಗಂಡ ಸತ್ತ ಮೇಲೆ ಇಷ್ಟು ಬೇಗ ಕೆಲಸಕ್ಕೆ ಯಾಕೆ ಬಂದೆ ಎಂದು ಅವಳನ್ನು ಯಾರೋ ಕೇಳಿದ್ದರಂತೆ. 'ಮನೇಲಿ ಕೂತ್ರೆ ಸೈರನ್ ಕೇಳಿಸುತ್ತೆ, ಇಲ್ಲಿ ಕೂತ್ರೆ ಬೇರೆಯವರ ಮಾತಾದ್ರೂ ಕೇಳಿಸುತ್ತೆ' ಎಂದಳಂತೆ. ನಾನು ಹೋದಾಗ ಸೆಟ್ಟಿನ ಮುಂದೆ ನೆಟ್ಟಗೆ ಕೂತಿದ್ದಳು. ತಲೆ ಬಾಚಿತ್ತು, ಸೀರೆಯ ನೆರಿಗೆ ಸರಿಯಾಗಿತ್ತು. ಮುಖದಲ್ಲಿ ಮಾತ್ರ ಜೀವವಿರಲಿಲ್ಲ.

ನಾನು ಕುರ್ಚಿ ಎಳೆದುಕೊಂಡೆ. ಅಡ್ಡಗೋಡೆಯ ಮೇಲೆ ದೀಪ ಇಡುವ ಮಾತು ನನಗೆ ಬರುವುದಿಲ್ಲ.

"ಎರಡನೇ ಫೋನು ಬಂದಿತ್ತು."

ಅವಳು ನನ್ನ ಕಡೆ ತಿರುಗಿದಳು.

"ಭಾವ ಹೇಳಿದ್ರಾ?"

"ಹೇಳಿದ್ರು. ನಿಮ್ಮ ಗಂಡನಿಗೆ ನೀವು ಹೇಳಿದ್ರೋ ಇಲ್ವೋ?"

"ಹೇಳಿದೆ," ಎಂದಳು. "ಹೇಳದೇ ಇರ್ತೀನಾ? ಗುಂಡಿ ಒತ್ತಿ ಕೂಗಿದೆ. 'ರೀ, ನಿಲ್ಲಿ, ನಿಲ್ಲಿ, ರೈಲು ಬರ್ತಿದೆ' ಅಂದೆ. 'ಸರಿ' ಅಂದ್ರು."

"ಏನು?"

"'ಸರಿ' ಅಂದ್ರು ಮೇಡಂ. ಅದೊಂದೇ ಮಾತು. ನಾನು ಉಸ್ಸಪ್ಪಾ ಅಂತ ಹಿಂದಕ್ಕೆ ಒರಗಿದೆ. ನೀರು ಕುಡಿದೆ. ಬದುಕಿದೆವು ಅಂದ್ಕೊಂಡೆ."

"ಇದನ್ನ ನನ್ನಿಂದ ಯಾಕೆ ಮುಚ್ಚಿಟ್ರಿ?"

"ಕೇಳಿಸ್ಕೊಂಡು, ಸರಿ ಅಂತ ಹೇಳಿ, ಆಮೇಲೂ ನುಗ್ಗಿದ್ರು ಅಂತಾದ್ರೆ ಆ ಮಗುನ ಕೊಂದೋರು ಇವರೇ ಅಂತಾಗಲ್ವಾ? ಲೋಕ ಭಾವನ್ನ ಬೈಯ್ಲಿ, ನನ್ನ ಬೈಯ್ಲಿ. ಇವರನ್ನ ಬೈಯ್ಬಾರದು. ಆದ್ರೆ ರಾತ್ರಿಯೆಲ್ಲ ನಾನೇ ಕೇಳ್ತಿದೀನಿ ಮೇಡಂ. ನನ್ನ ಮಾತು ಯಾವತ್ತೂ ಮೀರಿದೋರಲ್ಲ. ಸರಿ ಅಂದೋರು ಯಾಕೆ ನಿಲ್ಲಲಿಲ್ಲ? ನನ್ನ ಮೇಲೆ ಏನು ಕೋಪ ಇತ್ತು? ಸಾಯೋಕೇ ಹೋದ್ರಾ?"

ಛೆ! ಇವಳು ಇದನ್ನು ಎದೆಯಲ್ಲಿಟ್ಟುಕೊಂಡು ಈ ಕುರ್ಚಿಯಲ್ಲಿ ಕೂತಿದ್ದಾಳೆ. ಇವಳ ಮೇಲೆ ರೇಗಬೇಕೆಂದು ಮೆಟ್ಟಿಲು ಹತ್ತಿ ಬಂದವಳು ನಾನು.

ಅಷ್ಟರಲ್ಲಿ ನರ್ಸಮ್ಮನ ಮಾತು ನೆನಪಾಯಿತು. 'ಭಾವ ಹೇಳಿದ್ರು' ಎಂಬುದೇ ಸೆಟ್ಟಿನಿಂದ ಬಂದ ಕೊನೆಯ ಮಾತು ಎಂದಿದ್ದಳು. ಆಮೇಲೆ ಸೆಟ್ಟು ಉಸಿರೇ ಎತ್ತಲಿಲ್ಲವಂತೆ. ನೋವಿನಲ್ಲಿದ್ದವಳು ಮರೆತಿರಬಹುದು ಎಂದುಕೊಂಡಿದ್ದೆ.

"ನೆನಪು ಮಾಡ್ಕೊಂಡು ಹೇಳಿ," ಎಂದೆ. "ಆ 'ಸರಿ' ಅನ್ನೋ ಮಾತಿನ ಹಿಂದೆ ಸೈರನ್ ಸದ್ದಿತ್ತಾ?"

ಅವಳು ನನ್ನನ್ನು ನೋಡಿದಳು. ಸೆಟ್ಟನ್ನು ನೋಡಿದಳು.

"ಇಲ್ಲ," ಎಂದಳು. "ನಿಶ್ಶಬ್ದ ಇತ್ತು."

"ನಿಮ್ಮ ಗಂಡನ ವ್ಯಾನಲ್ಲಿ ಸೈರನ್ ಒಂದು ಕ್ಷಣವೂ ನಿಂತಿಲ್ಲ. ಊರೆಲ್ಲ ಕೇಳಿಸ್ಕೊಂಡಿದೆ. ಆ ದನಿ ಅವರದೇನಾ?"

"ಅವರದೇ ಅಂದ್ಕೊಂಡೆ. ಗರಗರ ಅಂತಿತ್ತು, ಒಂದೇ ಮಾತು... ರೀ ಅಂತ ನಾನು ಕರೆದ್ರೆ ಅವರಲ್ದೆ ಇನ್ಯಾರು ಉತ್ತರ ಕೊಡ್ತಾರೆ ಮೇಡಂ?" ತಟ್ಟನೆ ನನ್ನ ತೋಳು ಹಿಡಿದಳು. "ಹಾಗಾದ್ರೆ ಅವರಿಗೆ ಕೇಳಿಸಲೇ ಇಲ್ವಾ? ನಾನು ನಿಲ್ಲಿ ಅಂದಿದ್ದು ಕೇಳಿಸಲೇ ಇಲ್ವಾ?"

"ಇಲ್ಲ ಕಣಮ್ಮಾ. ಆ ತಿರುವಲ್ಲಿ ಅವರ ಸೆಟ್ಟು ನಿಮ್ಮ ಮಾತು ಹಿಡಿದಿರಲಿಕ್ಕಿಲ್ಲ. ದಾರಿ ಖಾಲಿ ಅಂತ ನಂಬ್ಕೊಂಡೇ ಬಂದ್ರು."

ಆಗ ಅವಳು ಅತ್ತಳು. ಗಂಡ ಸತ್ತಾಗಿನಿಂದ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲವಂತೆ. ಮೇಜಿಗೆ ಹಣೆಯಿಟ್ಟು, "ನನ್ನ ಮೇಲೆ ಕೋಪ ಇರಲಿಲ್ಲ, ಕೋಪ ಇರಲಿಲ್ಲ," ಎಂದು ಹೇಳಿಕೊಂಡು ಅಳುತ್ತಿದ್ದಳು. ನಾನು ಬೆನ್ನ ಮೇಲೆ ಕೈಯಿಟ್ಟೆ.

ಆಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ತಡೆಯುವ ಮೊದಲೇ ಗುಂಡಿ ಒತ್ತಿದಳು.

"ಎಲ್ಲರೂ ಕೇಳಿಸ್ಕೊಳ್ಳಿ. ಮೊನ್ನೆ ನಾನು ಇವರನ್ನ ನಿಲ್ಲಿ ಅಂತ ಕೂಗಿದಾಗ ಸರಿ ಅಂದಿದ್ದು ಯಾರು?"

ಸೆಟ್ಟು ಗರಗರ ಎಂದಿತು. ಕೊನೆಗೆ ಊರಿನ ಯಾವುದೋ ಮೂಲೆಯಿಂದ ಒಂದು ದನಿ ಬಂತು.

"ನಾನಲ್ಲ ಅಕ್ಕಾ."

"ನಾನಲ್ಲಕ್ಕ, ನಾನು ಅವತ್ತು ರಜ."

"ನಂಗೆ ಆ ಮಾತೇ ಕೇಳಿಸಿಲ್ಲ. ನಾನಲ್ಲ."

ಒಂದೊಂದಾಗಿ ವ್ಯಾನುಗಳು ಉತ್ತರ ಕೊಟ್ಟವು. ಅವಳು ಬೆರಳು ಮಡಿಸಿಕೊಳ್ಳುತ್ತಾ ಕೇಳುತ್ತಿದ್ದಳು. ಒಂದು ಬೆರಳು ಉಳಿಯಿತು.

ನಾನು ಕಿಟಕಿಗೆ ಹೋಗಿ ಬಗ್ಗಿ ನೋಡಿದೆ. ಅಂಗಳದ ವ್ಯಾನಿನಲ್ಲಿ ಮಿಂಚು ಮೈಕನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ, ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಅಳುತ್ತಿದ್ದ. "ನಿಲ್ಲಿ ಅಂದಿದ್ದು ನಂಗೇ ಅಂದ್ಕೊಂಡು ಸರಿ ಅಂದೆ," ಎಂದು ಅವನ ದನಿ ಸೆಟ್ಟಿನಿಂದ ಬಂತು.

ಅವಳೂ ಬಂದು ನನ್ನ ಪಕ್ಕ ನಿಂತು ನೋಡಿದಳು.

"ಇವರನ್ನ ಕೊನೇ ಸಲ ಮನೆಗೆ ತಂದೋನು ಅವನೇ, ಮೇಡಂ," ಎಂದಳು.